ಮುದಿ ಲ್ಯಾಬ್ರಡಾರ್‌ಗೆ ಮೀನೆಣ್ಣೆ: ಎಷ್ಟು ಕೊಡಬೇಕು? ಮಳೆಗಾಲದಲ್ಲಿ ಕೆಡದ ಹಾಗೆ ಇಡೋದು ಹೇಗೆ?

ಸುಂಟಿಕೊಪ್ಪ_ತೋಟ:

11 ವರ್ಷದ ಗಂಡು ಲ್ಯಾಬ್ರಡಾರ್. ಈಗ 34 ಕೆ.ಜಿ. ಇದೆ, 30ಕ್ಕೆ ಇಳಿಸಿ ಅಂತ ಡಾಕ್ಟ್ರು ಹೇಳಿದ್ದಾರೆ. ಸೊಂಟದ ಕೀಲು ಸವೆದಿದೆ. ಬೆಳಿಗ್ಗೆ ಏಳುವಾಗ ಹಿಂಗಾಲು ಬಿಗಿ, ಜಗಲಿ ಮೆಟ್ಟಿಲು ಹತ್ತೋಕೆ ಹಿಂದೆಮುಂದೆ ನೋಡುತ್ತೆ. ಊಟ ಮನೇದೇ: ಅನ್ನ, ಬೇಯಿಸಿದ ಕೋಳಿ, ಸ್ವಲ್ಪ ಕುಂಬಳಕಾಯಿ. ಹಂದಿ ಮಾಂಸ ಮಾಡಿದ ದಿನ ಅದರದ್ದೂ ಒಂದೆರಡು ತುಂಡು ಸೇರುತ್ತೆ.

ಮೀನೆಣ್ಣೆ ಶುರು ಮಾಡೋಣ ಅಂತ ಯೋಚನೆ. ಮನೆಯಲ್ಲಿ ಮನುಷ್ಯರು ತಗೊಳ್ಳೋ 1000 ಮಿ.ಗ್ರಾಂ. ಕ್ಯಾಪ್ಸೂಲ್ ಇದೆ, ಡಬ್ಬಿ ಹಿಂದೆ ಇಪಿಎ 180, ಡಿಎಚ್‌ಎ 120 ಅಂತ ಬರೆದಿದೆ. ದಿನಕ್ಕೆ ಎಷ್ಟು ಕೊಡಬಹುದು?

ಇನ್ನೊಂದು ಅನುಮಾನ. ಮೀನೆಣ್ಣೆ ಆಂಟಿಆಕ್ಸಿಡೆಂಟ್, ಮುದಿ ಪ್ರಾಣಿಗೆ ಒಳ್ಳೇದು ಅಂತ ಒಬ್ಬರು ಹೇಳ್ತಾರೆ. ವಯಸ್ಸಾದ ಪ್ರಾಣಿಯಲ್ಲಿ ಅದೇ ಆಕ್ಸಿಡೇಟಿವ್ ಸ್ಟ್ರೆಸ್ (ಆಮ್ಲಜನಕದಿಂದ ಜೀವಕೋಶಕ್ಕೆ ಆಗೋ ಹಾನಿ) ಜಾಸ್ತಿ ಮಾಡುತ್ತೆ ಅಂತ ಇನ್ನೊಬ್ಬರು. ಯಾವುದು ನಿಜ? ಮಳೆಗಾಲದಲ್ಲಿ ಇಲ್ಲಿ ಕರೆಂಟು ದಿನಗಟ್ಟಲೆ ಇರಲ್ಲ, ಫ್ರಿಜ್ ನಂಬೋ ಹಾಗಿಲ್ಲ. ಒಂದು ಲೀಟರಿನ ಪಂಪ್ ಬಾಟಲಿ ಅಗ್ಗಕ್ಕೆ ಸಿಗುತ್ತೆ. ಅದನ್ನ ತರಿಸೋದಾ, ಕ್ಯಾಪ್ಸೂಲೇ ಸಾಕಾ?

ವಿರಾಜಪೇಟೆ_ಪಶುವೈದ್ಯೆ:

ಮೊದಲು ಲೆಕ್ಕ. ನಾಯಿಗೆ ಎಣ್ಣೆಯ ಮಿಲಿಗ್ರಾಂ ನೋಡೋದಲ್ಲ, ಅದರೊಳಗಿನ ಇಪಿಎ, ಡಿಎಚ್‌ಎ ಅನ್ನೋ ಒಮೆಗಾ 3 ಕೊಬ್ಬಿನಾಮ್ಲ ಎರಡನ್ನೂ ಕೂಡಿ ನೋಡೋದು. ನಿಮ್ಮ ಕ್ಯಾಪ್ಸೂಲಿನ ಮೇಲೆ 1000 ಅಂತಿದ್ದರೂ ಲೆಕ್ಕಕ್ಕೆ ಬರೋದು 300 ಮಾತ್ರ.

ಪ್ರಮಾಣ ನೇರವಾಗಿ ತೂಕದ ಮೇಲೆ ಹೋಗಲ್ಲ, ತೂಕದ 0.75 ಘಾತದ ಮೇಲೆ ಹೋಗುತ್ತೆ. ಮೊಬೈಲ್ ಕ್ಯಾಲ್ಕುಲೇಟರಿನಲ್ಲೇ ಆಗುತ್ತೆ: 30 × 30 × 30 = 27000. ವರ್ಗಮೂಲದ ಗುಂಡಿ ಎರಡು ಸಲ ಒತ್ತಿ. ಮೊದಲು 164.3, ಆಮೇಲೆ 12.8 ಬರುತ್ತೆ. 34 ಹಾಕಬೇಡಿ, ಕೊಬ್ಬಿನ ನಾಲ್ಕು ಕಿಲೋಗೆ ಔಷಧಿ ಬೇಡ.

ಕೀಲು ಸವೆತಕ್ಕೆ ಪಶುವೈದ್ಯ ಸಾಹಿತ್ಯದಲ್ಲಿರೋ ಪ್ರಮಾಣ ಈ ಅಂಕಿಯ ಒಂದಕ್ಕೆ 310 ಮಿ.ಗ್ರಾಂ. ಅಂದರೆ ನಿಮ್ಮ ನಾಯಿಗೆ ದಿನಕ್ಕೆ ಸುಮಾರು 3970. ಹೃದಯ, ಚರ್ಮ, ಮೂತ್ರಪಿಂಡದ ತೊಂದರೆಗೆ ಇದರ ಅರ್ಧಕ್ಕಿಂತ ಕಡಿಮೆ, 115ರಿಂದ 140 ಸಾಕು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2006ರಲ್ಲಿ ನಾಯಿಗೆ ಹಾಕಿದ ಸುರಕ್ಷಿತ ಮೇಲ್ಮಿತಿ 370. ನೋಡಿ, ಕೀಲಿನ ಪ್ರಮಾಣಕ್ಕೂ ಮೇಲ್ಮಿತಿಗೂ ನಡುವೆ ಜಾಗವೇ ಇಲ್ಲ. ಅದಕ್ಕೇ ಕಣ್ಣಳತೆಯಲ್ಲಿ ಸುರಿಯೋ ಬಾಟಲಿ ಅಂದರೆ ನನಗೆ ಆಗಲ್ಲ.

3970 ಮುಟ್ಟೋಕೆ ನಿಮ್ಮ ಕ್ಯಾಪ್ಸೂಲ್ 13 ಬೇಕು. 13 ಗ್ರಾಂ ಎಣ್ಣೆ ಅಂದರೆ 117 ಕಿಲೋ ಕ್ಯಾಲರಿ, ಈ ಗಾತ್ರದ ಮುದಿ ನಾಯಿಯ ದಿನದ ಊಟದ ಹತ್ತನೇ ಒಂದು ಭಾಗ. ತೂಕ ಇಳಿಸಬೇಕಾದ ಪ್ರಾಣಿಗೆ ಇದು ಸಣ್ಣ ವಿಷಯ ಅಲ್ಲ. ಕೋಳಿ ಚರ್ಮ ತೆಗೆದು, ಹಂದಿ ತುಂಡು ಪೂರ್ತಿ ನಿಲ್ಲಿಸಿ ಆ ಕ್ಯಾಲರಿಗೆ ಜಾಗ ಮಾಡಿ. ಲ್ಯಾಬ್ರಡಾರಿನ ನಾಲ್ಕು ಕಿಲೋ ಇಳಿದರೆ ಸೊಂಟಕ್ಕೆ ಆಗೋ ಉಪಕಾರ ಯಾವ ಎಣ್ಣೆಯಿಂದಲೂ ಆಗಲ್ಲ.

ನನ್ನ ಸಲಹೆ: ನೇರ 13ಕ್ಕೆ ಹೋಗಬೇಡಿ. ಮೊದಲ ವಾರ ದಿನಕ್ಕೆ 3, ಎರಡನೇ ವಾರ 6, ಮೂರನೇ ವಾರದಿಂದ 8 ಅಥವಾ 9. ಎರಡು ಹೊತ್ತಿನ ಊಟಕ್ಕೆ ಹಂಚಿ. ಮಲ ಸಡಿಲವಾದರೆ ಹಿಂದಿನ ಮೆಟ್ಟಿಲಿಗೆ ಇಳಿಸಿ ಒಂದು ವಾರ ನಿಲ್ಲಿ. 9ರಲ್ಲಿ ಎಂಟು ವಾರ ನೋಡಿ, ಆಮೇಲೆ ಹೆಚ್ಚಿಸೋ ಮಾತು. ಜೀವಕೋಶದ ಪೊರೆಗಳ ಕೊಬ್ಬು ಬದಲಾಗೋಕೆ ವಾರಗಳು ಹಿಡಿಯುತ್ತೆ, ಹತ್ತು ದಿನಕ್ಕೆ ಏನೂ ಗೊತ್ತಾಗಲ್ಲ. ಇವತ್ತೇ ಅದು ಮಲಗಿದಲ್ಲಿಂದ ಏಳೋದರ, ಮೆಟ್ಟಿಲು ಹತ್ತೋದರ ವಿಡಿಯೋ ತೆಗೆದಿಡಿ. ನೆನಪಿನ ಮೇಲೆ ಹೋಲಿಸಿದರೆ ಎಲ್ಲರಿಗೂ ಸುಧಾರಿಸಿದ ಹಾಗೇ ಕಾಣುತ್ತೆ.

ಶುರು ಮಾಡೋ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಷ್ಟಿದೆ ನೋಡಿ. ತೋಟದ ನಾಯಿಗಳಲ್ಲಿ ಉಣ್ಣಿ ಜ್ವರ ಒಳಗೊಳಗೇ ಇದ್ದು ಪ್ಲೇಟ್‌ಲೆಟ್ ತಗ್ಗಿರೋದು ಮಾಮೂಲು. ಮೀನೆಣ್ಣೆ ಪ್ಲೇಟ್‌ಲೆಟ್ ಅಂಟಿಕೊಳ್ಳೋದನ್ನ ಸ್ವಲ್ಪ ಕಡಿಮೆ ಮಾಡುತ್ತೆ. ಆರೋಗ್ಯದ ನಾಯಿಗೆ ಅದು ಲೆಕ್ಕಕ್ಕಿಲ್ಲ, ಮೂಗಿನಲ್ಲಿ ರಕ್ತ ಬರ್ತಿರೋ ನಾಯಿಗೆ ಲೆಕ್ಕಕ್ಕಿದೆ. ಹಿಂದೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಆಗಿದ್ದರೆ ಈ ಎಣ್ಣೆಯೇ ಬೇಡ.

ಕಾಡ್ ಲಿವರ್ ಎಣ್ಣೆ ಬೇರೆ, ಮೀನೆಣ್ಣೆ ಬೇರೆ. ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ, ಡಿ ತುಂಬಿರುತ್ತೆ. ಇಪಿಎ ಲೆಕ್ಕ ಮುಟ್ಟಿಸೋಕೆ ಅದನ್ನ ಕೊಡ್ತಾ ಹೋದರೆ ವಿಟಮಿನ್ನೇ ವಿಷ ಆಗುತ್ತೆ.

ಕುಶಾಲನಗರ_ಎಣ್ಣೆಲ್ಯಾಬ್:

ಡಾಕ್ಟ್ರ ಲೆಕ್ಕ ಸರಿ ಇದೆ. ಆಕ್ಸಿಡೇಷನ್ ಬಗ್ಗೆ ನಾನು ಬರೀತೀನಿ.

ಮೀನೆಣ್ಣೆ ಆಂಟಿಆಕ್ಸಿಡೆಂಟ್ ಅಲ್ಲ. ಅಡುಗೆಮನೆಗೆ ಬರೋ ಯಾವ ಎಣ್ಣೆಗಿಂತಲೂ ಬೇಗ ಕೆಡೋ ಎಣ್ಣೆ ಅದು. ಕೊಬ್ಬಿನಾಮ್ಲದಲ್ಲಿ ಎರಡು ಜೋಡಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲದ ಹೈಡ್ರೋಜನ್ ಬಲು ಸಡಿಲ, ಮೊದಲು ಕಿತ್ತು ಬರೋದು ಅದೇ. ಸೂರ್ಯಕಾಂತಿ ಎಣ್ಣೆಯ ಲಿನೋಲಿಕ್ ಆಮ್ಲದಲ್ಲಿ ಅಂಥ ಜಾಗ ಒಂದು, ಇಪಿಎಯಲ್ಲಿ ನಾಲ್ಕು, ಡಿಎಚ್‌ಎಯಲ್ಲಿ ಐದು. ಎಷ್ಟು ಬೇಗ ಕೆಡುತ್ತೆ ಅಂತ ಹೇಳೋ ಪೆರಾಕ್ಸಿಡೇಷನ್ ಸೂಚ್ಯಂಕದಲ್ಲಿ ಲಿನೋಲಿಕ್‌ಗೆ 1 ಅಂತ ಹಿಡಿದರೆ ಇಪಿಎಗೆ 6, ಡಿಎಚ್‌ಎಗೆ 8. ಆಲಿವ್ ಎಣ್ಣೆಯ ಓಲಿಕ್‌ಗೆ 0.025 ಮಾತ್ರ. ಒಂದು ಅಣುವಿನ ಹೈಡ್ರೋಜನ್ ಹೋದರೆ ಅದು ಆಮ್ಲಜನಕ ಹಿಡಿದು ಪಕ್ಕದ ಅಣುವಿನದ್ದನ್ನ ಕೀಳುತ್ತೆ, ಅದು ಇನ್ನೊಂದರದ್ದನ್ನ. ಸರಪಳಿ ಮುರಿಯೋಕೆ ವಿಟಮಿನ್ ಇ ತನ್ನ ಹೈಡ್ರೋಜನ್ ಕೊಟ್ಟು ತಾನು ಖರ್ಚಾಗಬೇಕು.

ಇದು ನಡೆಯೋದು ಎರಡು ಕಡೆ, ಬಾಟಲಿಯೊಳಗೆ ಮತ್ತು ಮೈಯೊಳಗೆ. ಬಾಟಲಿಯದ್ದು ನಿಮ್ಮ ಕೈಯಲ್ಲಿದೆ.

ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 920 ಗ್ರಾಂ. ದಿನಕ್ಕೆ 8 ಗ್ರಾಂ ಹೋದರೆ 115 ದಿನ ಬರುತ್ತೆ. ಅಂದರೆ ಜೂನ್‌ನಲ್ಲಿ ಮುಚ್ಚಳ ತೆಗೆದದ್ದು ಸೆಪ್ಟೆಂಬರ್‌ವರೆಗೆ ತೆರೆದೇ ಕೂತಿರುತ್ತೆ. ಪಂಪ್ ಒತ್ತಿದಷ್ಟೂ ಸಲ ಎಣ್ಣೆ ಹೊರಗೆ, ಗಾಳಿ ಒಳಗೆ. ಕಾಲುಭಾಗ ಉಳಿದಾಗ ಮೇಲೆಲ್ಲ ಗಾಳಿಯೇ. ಬಾಟಲಿಯೇ ಬೇಕಾದರೆ 200 ಮಿ.ಲೀ. ಕಂದು ಗಾಜಿನದ್ದು ತಗೊಳ್ಳಿ, 23 ದಿನಕ್ಕೆ ಮುಗಿಯುತ್ತೆ. ನಿಮ್ಮ ಪರಿಸ್ಥಿತಿಗೆ ಕ್ಯಾಪ್ಸೂಲೇ ವಾಸಿ, ಒಂದೊಂದಕ್ಕೂ ಅದರದ್ದೇ ಜೆಲಾಟಿನ್ ಮುಚ್ಚಳ ಇರುತ್ತೆ.

ಕರೆಂಟಿನ ಬಗ್ಗೆ ಅಷ್ಟು ಚಿಂತೆ ಬೇಡ. ಮಳೆಗಾಲದಲ್ಲಿ ಸುಂಟಿಕೊಪ್ಪ, ಮಡಿಕೇರಿ ಕಡೆ ಮನೆಯೊಳಗೇ ತಂಪು. ಆ ನಾಲ್ಕು ತಿಂಗಳಲ್ಲಿ ಕ್ಯಾಪ್ಸೂಲಿಗೆ ತೊಂದರೆ ಕೊಡೋದು ತೇವ. ಜೆಲಾಟಿನ್ ನೀರು ಹೀರಿ ಮೆತ್ತಗಾಗಿ ಒಂದಕ್ಕೊಂದು ಅಂಟಿ, ಬಿಡಿಸೋಕೆ ಹೋದರೆ ಒಡೆಯುತ್ತೆ. ಬಂದ ಡಬ್ಬಿಯಲ್ಲೇ, ಒಳಗಿರೋ ಸಿಲಿಕಾ ಪೊಟ್ಟಣ ತೆಗೆಯದೆ ಇಡಿ. ಒದ್ದೆ ಕೈ ಹಾಕಬೇಡಿ. ಒಲೆ ಮೇಲಿನ ಅಟ್ಟ, ಕಿಟಕಿ ಪಕ್ಕ ಬೇಡ. ನಿಜವಾದ ಅಪಾಯದ ಕಾಲ ಮಾರ್ಚ್, ಏಪ್ರಿಲ್. ಆಗ ಫ್ರಿಜ್ಜಿನಲ್ಲಿಡಿ. ಕೊರಿಯರ್ ಪಾರ್ಸೆಲ್ ಬಿಸಿಲಲ್ಲಿ ವ್ಯಾನಿನೊಳಗೆ ಇಡೀ ದಿನ ಕೂತಿದ್ದರೆ ನೀವು ಆಮೇಲೆ ಎಷ್ಟು ಜೋಪಾನ ಮಾಡಿದರೂ ಅಷ್ಟೇ.

ಫ್ರಿಜ್ಜಿನಲ್ಲಿ ಎಣ್ಣೆ ಮಬ್ಬಾದರೆ, ತಳದಲ್ಲಿ ಬಿಳಿ ಕೂತರೆ ಕೆಟ್ಟಿದೆ ಅಂತಲ್ಲ. ಗಟ್ಟಿ ಕೊಬ್ಬು ತಂಪಿಗೆ ಹೆಪ್ಪುಗಟ್ಟುತ್ತೆ, ಹೊರಗಿಟ್ಟರೆ ತಿಳಿಯಾಗುತ್ತೆ.

ಕೆಟ್ಟಿದೆಯಾ ನೋಡೋಕೆ ಪ್ರತಿ ಹೊಸ ಡಬ್ಬಿಯಿಂದ ಒಂದು ಕ್ಯಾಪ್ಸೂಲನ್ನ ಸೂಜಿಯಲ್ಲಿ ಚುಚ್ಚಿ, ಹನಿ ಬೆರಳ ಮೇಲೆ ಹಾಕಿ ಉಜ್ಜಿ ಮೂಸಿ. ಆಮೇಲೆ ನಾಲಿಗೆಗೆ ಹಚ್ಚಿ. ತಾಜಾ ಎಣ್ಣೆಗೆ ಸಣ್ಣಗೆ ಮೀನಿನ ವಾಸನೆ ಇರುತ್ತೆ, ಅಷ್ಟೇ. ಬಾಗಿಲಿಗೆ ಹೊಡೆಯೋ ಆಯಿಲ್ ಪೇಂಟಿನ ವಾಸನೆ, ಕಹಿ, ಗಂಟಲಲ್ಲಿ ಕೆರೆತ ಇದ್ದರೆ ಇಡೀ ಡಬ್ಬಿ ಗುಂಡಿಗೆ. ನಿಂಬೆ, ಕಿತ್ತಳೆ ಪರಿಮಳ ಹಾಕಿದ್ದನ್ನ ತಗೋಬೇಡಿ, ಕಮಟು ಅದರಡಿ ಮುಚ್ಚಿಹೋಗುತ್ತೆ. ನಾಯಿ ತಿಂತು, ಹಾಗಾಗಿ ಎಣ್ಣೆ ಚೆನ್ನಾಗಿದೆ ಅನ್ನೋ ತರ್ಕವಂತೂ ಬೇಡವೇ ಬೇಡ.

ಕಂಪನಿ ಪರೀಕ್ಷಾ ವರದಿ ಕೊಟ್ಟರೆ ಮೂರು ಅಂಕಿ ನೋಡಿ. ಉದ್ಯಮ ತಾನೇ ಹಾಕಿಕೊಂಡ ಮಿತಿ ಪೆರಾಕ್ಸೈಡ್ (ಕೆಡೋದರ ಮೊದಲ ಹಂತ) 5, ಅನಿಸಿಡಿನ್ (ಆಮೇಲೆ ಆಗೋ ಆಲ್ಡಿಹೈಡ್‌ನ ಅಳತೆ) 20, ಟೋಟಾಕ್ಸ್ 26. ಪೆರಾಕ್ಸೈಡನ್ನ ಎರಡರಿಂದ ಗುಣಿಸಿ ಅನಿಸಿಡಿನ್ ಕೂಡಿದರೆ ಟೋಟಾಕ್ಸ್. ಪೆರಾಕ್ಸೈಡ್ ಒಂದನ್ನೇ ತೋರಿಸಿದರೆ ನಂಬಬೇಡಿ. ಎಣ್ಣೆ ಹಳತಾದಂತೆ ಪೆರಾಕ್ಸೈಡ್ ಏರಿ, ಒಡೆದು ಆಲ್ಡಿಹೈಡ್ ಆಗಿ, ಮತ್ತೆ ಇಳಿಯುತ್ತೆ. ಪೂರ್ತಿ ಹಾಳಾದ ಎಣ್ಣೆಯೂ ಒಳ್ಳೇ ಅಂಕಿ ತೋರಿಸಬಹುದು.

ಸುಂಟಿಕೊಪ್ಪ_ತೋಟ:

ಇಬ್ಬರಿಗೂ ಧನ್ಯವಾದ. ಪಂಪ್ ಬಾಟಲಿ ಬಿಟ್ಟೆ. ವಿಟಮಿನ್ ಇ ಮಾತ್ರೆ, ಆ ಹಸಿರು ಬಣ್ಣದ 400ರದ್ದು, ಚುಚ್ಚಿ ಎಣ್ಣೆಗೆ ಬೆರೆಸಿಟ್ಟರೆ ಎಣ್ಣೆ ಕೆಡದೆ ಉಳಿಯುತ್ತಾ? ಮತ್ತೆ, ಗೋಣಿಕೊಪ್ಪ ಸಂತೆಯಲ್ಲಿ ಮತ್ತಿ ಮೀನು ಧಾರಾಳ ಸಿಗುತ್ತೆ. ಅದನ್ನೇ ಬೇಯಿಸಿ ಹಾಕಿದರೆ ಆಗಲ್ವಾ?

ಕುಶಾಲನಗರ_ಎಣ್ಣೆಲ್ಯಾಬ್:

ಬೆರೆಸಿಟ್ಟು ಪ್ರಯೋಜನ ಇಲ್ಲ. ಆ ಮಾತ್ರೆಯಲ್ಲಿರೋದು ಟೋಕೋಫೆರಿಲ್ ಅಸಿಟೇಟ್ ಅನ್ನೋ ವಿಟಮಿನ್ ಇ ರೂಪ. ಕೆಲಸ ಮಾಡಬೇಕಾದ ಹೈಡ್ರೋಜನ್ ಇರೋ ಜಾಗದಲ್ಲಿ ಅಸಿಟೇಟ್ ಕೂತಿರುತ್ತೆ. ಕರುಳಿನಲ್ಲಿ ಕಿಣ್ವ ಅದನ್ನ ಕತ್ತರಿಸಿದ ಮೇಲಷ್ಟೇ ಅದು ಆಂಟಿಆಕ್ಸಿಡೆಂಟ್. ಬಾಟಲಿಯೊಳಗೆ ಸುಮ್ಮನೆ ಇರುತ್ತೆ. ಎಣ್ಣೆ ಕಾಯೋಕೆ ಮಿಶ್ರ ಟೋಕೋಫೆರಾಲ್ ಅಥವಾ ರೋಸ್‌ಮೆರಿ ಸತ್ವ ಬೇಕು, ಅದನ್ನ ತಯಾರಿಸೋವಾಗಲೇ ಹಾಕಿರಬೇಕು. ಡಬ್ಬಿ ಮೇಲೆ ಓದಿ ನೋಡಿ. ಆದರೆ ನಾಯಿಯ ಮೈಗೆ ಆ ಮಾತ್ರೆ ಬೇಕೇ ಬೇಕು, ಪ್ರಮಾಣ ಡಾಕ್ಟ್ರು ಹೇಳಲಿ.

ಇನ್ನೊಂದು ಎಚ್ಚರಿಕೆ, ಇಲ್ಲಿಯವರಿಗೇ ಬೇಕಾದ್ದು. ಕಾಫಿಯ ಹಿಟ್ಟುತಿಗಣೆಗೆ ಹೊಡೆಯೋ ಮೀನೆಣ್ಣೆ ರೋಸಿನ್ ಸೋಪು, ಕ್ಯಾನಿನಲ್ಲಿ ಬರೋ ಕಚ್ಚಾ ಮೀನೆಣ್ಣೆ, ಇವು ತೋಟದ ಗೋಡೌನಿಗೆ ಸೇರಿದ್ದು. ತಿನ್ನೋಕೆ ಶುದ್ಧ ಮಾಡಿದ್ದಲ್ಲ. ಹೆಸರಲ್ಲಿ ಮೀನೆಣ್ಣೆ ಇದೆ ಅಂತ ಕೆಲಸದವರು ನಾಯಿ ತಟ್ಟೆಗೆ ಸುರಿಯದ ಹಾಗೆ ಹೇಳಿಡಿ.

ವಿರಾಜಪೇಟೆ_ಪಶುವೈದ್ಯೆ:

ವಿಟಮಿನ್ ಇ: ಅನ್ನ ಕೋಳಿಯ ಊಟದಲ್ಲಿ ಅದು ಮೊದಲೇ ಕಡಿಮೆ. 30 ಕೆ.ಜಿ. ನಾಯಿಗೆ ದಿನಕ್ಕೆ 9 ಮೀನೆಣ್ಣೆ ಕ್ಯಾಪ್ಸೂಲ್ ಹೋಗ್ತಾ ಇದ್ದರೆ 400ರ ಮಾತ್ರೆ ವಾರಕ್ಕೆ ಎರಡು ಸಾಕು. ಕೊಬ್ಬಿನಲ್ಲಿ ಶೇಖರ ಆಗೋ ವಿಟಮಿನ್, ದಿನಾ ಕೊಡಬೇಕಿಲ್ಲ. ಒಳ್ಳೇದಲ್ವಾ ಅಂತ ದಿನಕ್ಕೆ ಎರಡು ಮೂರು ಕೊಡಬೇಡಿ, ಅತಿಯಾದರೆ ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಬಂದು ರಕ್ತ ಹೆಪ್ಪುಗಟ್ಟೋದು ನಿಧಾನ ಆಗುತ್ತೆ. ಸೆಲೆನಿಯಂ ಮಾತ್ರೆ ಮಾತ್ರ ನೀವಾಗಿ ಕೊಡಲೇಬೇಡಿ. ಬೇಕಾದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಕಡಿಮೆ.

ಪೊನ್ನಂಪೇಟೆ_ಮೀನಂಗಡಿ:

ಮತ್ತಿ ಧಾರಾಳವಾಗಿ ಹಾಕಬಹುದು. ಮಂಗಳೂರಿನವರ ಬೂತಾಯಿ ಅದೇ. ನೂರು ಗ್ರಾಂ ಮಾಂಸಕ್ಕೆ ಇಪಿಎ, ಡಿಎಚ್‌ಎ ಸೇರಿ ಒಂದು ಗ್ರಾಂ ಅಂತ ಹಿಡಿದು ಲೆಕ್ಕ ಹಾಕಿ. ನಿಖರ ಲೆಕ್ಕ ಸಾಧ್ಯ ಇಲ್ಲ. ಮಳೆ ಮುಗಿದ ಮೇಲೆ ಬರೋ ಮತ್ತಿಯ ಹೊಟ್ಟೆ ಸೀಳಿದರೆ ಕೈಗೆಲ್ಲ ಎಣ್ಣೆ, ಬೇರೆ ಕಾಲದಲ್ಲಿ ಒಣಕಲು. ವಾರಕ್ಕೆ ಮೂರು ದಿನ 150 ಗ್ರಾಂನಂತೆ ಹಾಕಿ, ಆ ದಿನ ಕ್ಯಾಪ್ಸೂಲ್ ಅರ್ಧ ಮಾಡಿ.

ತಲೆ, ಕರುಳು ತೆಗೆದು, ಉಪ್ಪು ಖಾರ ಇಲ್ಲದೆ ಕುಕ್ಕರಿನಲ್ಲಿ 15–20 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ. ಮುಳ್ಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ಬೆಂದ ನೀರು ಚೆಲ್ಲಬೇಡಿ, ಎಣ್ಣೆ ಅದರಲ್ಲೇ ತೇಲಿರುತ್ತೆ. ಹಸಿಯಾಗಿ ಬೇಡ, ಹಸಿ ಮತ್ತಿಯಲ್ಲಿ ವಿಟಮಿನ್ ಬಿ1 ಒಡೆಯೋ ಕಿಣ್ವ ಇರುತ್ತೆ, ಬೇಯಿಸಿದರೆ ಹೋಗುತ್ತೆ. ಬೇಯಿಸಿದರೂ ಹೋಗದ್ದು ಹಿಸ್ಟಮಿನ್. ಮೀನು ಐಸಿಲ್ಲದೆ ಬಿದ್ದಿದ್ದರೆ ಅದು ಉಂಟಾಗಿರುತ್ತೆ, ಎಷ್ಟು ಕುದಿಸಿದರೂ ಇಳಿಯಲ್ಲ. ಕಿವಿರು ಕೆಂಪಗಿರಬೇಕು, ಹೊಟ್ಟೆ ಒಡೆದಿರಬಾರದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆಗ ಘಟ್ಟ ಹತ್ತಿ ಬರೋ ಮೀನು ಎಲ್ಲಿಯದು, ಎಷ್ಟು ದಿನದ್ದು ಹೇಳೋಕಾಗಲ್ಲ. ಆ ಎರಡು ತಿಂಗಳು ಕ್ಯಾಪ್ಸೂಲೇ ಇರಲಿ.

ಮಳೆಗಾಲಕ್ಕೆ ಕಟ್ಟಿಟ್ಟ ಒಣಮೀನು ನಾಯಿಗೆ ಬೇಡ. ಉಪ್ಪಂತೂ ಸರಿ, ಅದಕ್ಕಿಂತ ಹೆಚ್ಚಾಗಿ ಬಿಸಿಲಲ್ಲಿ ಒಣಗಿದಾಗಲೇ ಅದರ ಎಣ್ಣೆ ಕಮಟಾಗಿರುತ್ತೆ. ಕರಿದ ಮೀನೂ ಬೇಡ.

ಮಡಿಕೇರಿ_ಜೀವರಸಾಯನ:

ಮೂಲ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಬಂದಿಲ್ಲ. ವಯಸ್ಸಾದ ಪ್ರಾಣಿಯಲ್ಲಿ ಮೀನೆಣ್ಣೆ ಆಕ್ಸಿಡೇಟಿವ್ ಸ್ಟ್ರೆಸ್ ಹೆಚ್ಚಿಸುತ್ತಾ ಅಂದರೆ, ಹೆಚ್ಚಿಸಿದ ಪ್ರಯೋಗವೂ ಇದೆ, ಇಳಿಸಿದ್ದೂ ಇದೆ.

ನಿಮ್ಮ ನಾಯಿಗೆ ಹತ್ತಿರದ್ದು 1997ರಲ್ಲಿ ಪ್ರಕಟವಾದ ಮುದಿ ಬೀಗಲ್ ತಳಿ ನಾಯಿಗಳ ಅಧ್ಯಯನ. ಊಟದಲ್ಲಿ ಒಮೆಗಾ 6 ಮತ್ತು 3ರ ಅನುಪಾತ 31ಕ್ಕೆ 1, 5.4ಕ್ಕೆ 1, 1.4ಕ್ಕೆ 1 ಹೀಗೆ ಮೂರು ಗುಂಪು. ಮೀನೆಣ್ಣೆ ಅತಿ ಹೆಚ್ಚಿದ್ದ ಕೊನೆಯ ಗುಂಪಿನಲ್ಲಿ ರಕ್ತದ ವಿಟಮಿನ್ ಇ ಇಳಿಯಿತು, ಕೊಬ್ಬಿನ ಪೆರಾಕ್ಸಿಡೇಷನ್ ಗುರುತುಗಳು ಏರಿದವು, ಚರ್ಮದ ಮೇಲಿನ ರೋಗನಿರೋಧಕ ಪರೀಕ್ಷೆಯ ಪ್ರತಿಕ್ರಿಯೆಯೂ ಕುಗ್ಗಿತು. ಬೇಗ ಮುಪ್ಪಾಗುವ ತಳಿಯ ಇಲಿಗಳಲ್ಲಿ ಜಪಾನಿನವರು 2011ರಲ್ಲಿ ತೋರಿಸಿದ್ದು ಇನ್ನೂ ಗಟ್ಟಿ: ದೀರ್ಘಕಾಲ ಮೀನೆಣ್ಣೆ ತಿಂದವು ಕುಸುಬೆ ಎಣ್ಣೆ ತಿಂದವಕ್ಕಿಂತ ಬೇಗ ಸತ್ತವು. ಲೂಪಸ್‌ನಂಥ ಸ್ವರೋಗನಿರೋಧಕ ಕಾಯಿಲೆ ಬರೋ ಇಲಿಗಳಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಮೀನೆಣ್ಣೆ ಆಯುಸ್ಸು ಹೆಚ್ಚಿಸಿತು, ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅನ್ನೋ ಆಕ್ಸಿಡೇಷನ್ ತಡೆಯೋ ಕಿಣ್ವಗಳನ್ನೂ ಏರಿಸಿತು. ಆ ಇಲಿಗಳನ್ನ ಕೊಲ್ತಿದ್ದದ್ದು ಉರಿಯೂತ, ಎಣ್ಣೆ ತಡೆದದ್ದು ಅದನ್ನ.

ಉರಿಯೂತ ಇರೋ ಪ್ರಾಣಿಗೆ ಅದು ಔಷಧಿ, ಆಯುಸ್ಸಿನ ಟಾನಿಕ್ ಅಲ್ಲ. ನಿಮ್ಮ ನಾಯಿಗೆ ಕೀಲಿನ ಉರಿಯೂತ ಇದೆ, ಕೊಡೋದಕ್ಕೆ ಕಾರಣ ಇದೆ. ಆರೋಗ್ಯವಾಗಿರೋ ಮುದಿ ನಾಯಿಗೆ ಮುಪ್ಪು ತಡೆಯೋಕೆ ಅಂತ ಇಷ್ಟು ದೊಡ್ಡ ಪ್ರಮಾಣ ಕೊಡೋದಕ್ಕೆ ನಾನು ಒಪ್ಪಲ್ಲ. ದೀರ್ಘಾಯುಷಿ ಪ್ರಾಣಿಗಳ ಜೀವಕೋಶದ ಪೊರೆಯಲ್ಲಿ ಡಿಎಚ್‌ಎ ಕಡಿಮೆ ಅನ್ನೋದನ್ನೂ ನೆನಪಿಡಿ. ಬೋಳು ಬಿಲಇಲಿ 30 ವರ್ಷ ದಾಟುತ್ತೆ, ಅದೇ ಗಾತ್ರದ ಸಾಮಾನ್ಯ ಇಲಿ ಮೂರು ವರ್ಷ. ಬಿಲಇಲಿಯ ಪೊರೆಯಲ್ಲಿ ಡಿಎಚ್‌ಎ ತೀರಾ ಅತ್ಯಲ್ಪ.

ಅಳತೆಯಲ್ಲೂ ಒಂದು ಗೋಜಲಿದೆ. ಕೊಬ್ಬು ಎಷ್ಟು ಆಕ್ಸಿಡೈಸ್ ಆಗಿದೆ ಅಂತ ನೋಡೋಕೆ ಹಳೆಯ ಅಧ್ಯಯನಗಳು ಬಳಸಿದ ಟಿಬಾರ್ಸ್ ಪರೀಕ್ಷೆ ಹಿಡಿಯೋದು ಮುಖ್ಯವಾಗಿ ಮ್ಯಾಲಾನ್‌ಡೈಆಲ್ಡಿಹೈಡನ್ನ. ಅದು ಹುಟ್ಟೋದು ಮೂರೂ ಮೂರಕ್ಕಿಂತ ಹೆಚ್ಚೂ ಜೋಡಿಬಂಧ ಇರೋ ಕೊಬ್ಬಿನಿಂದ. ಲಿನೋಲಿಕ್ ಅಷ್ಟೇ ಕೆಟ್ಟರೂ ಈ ಪರೀಕ್ಷೆಗೆ ಅಷ್ಟಾಗಿ ಕಾಣಲ್ಲ. ಹಾಗಾಗಿ ಮೀನೆಣ್ಣೆ ಕೊಟ್ಟ ಗುಂಪಿನಲ್ಲಿ ಅಂಕಿ ಏರಿದ್ದರಲ್ಲಿ ಸ್ವಲ್ಪ ಪಾಲು ಪರೀಕ್ಷೆಯದ್ದೇ. ಎಫ್2 ಐಸೋಪ್ರೊಸ್ಟೇನ್ ಅನ್ನೋ ಇನ್ನೊಂದು ಗುರುತನ್ನ ಅಳೆದರೆ ಕತೆ ತಿರುಗುತ್ತೆ: ಅದು ಅರಾಕಿಡೋನಿಕ್ ಆಮ್ಲ ಅನ್ನೋ ಒಮೆಗಾ 6 ಕೊಬ್ಬಿನಿಂದ ಆಗೋದು, ಮೀನೆಣ್ಣೆ ಆ ಆಮ್ಲವನ್ನೇ ಪೊರೆಯಿಂದ ಸರಿಸುತ್ತೆ, ಅಂಕಿ ಇಳಿಯುತ್ತೆ. ಕಂಪನಿಯವರು ಈ ಎರಡನೇದನ್ನ ತೋರಿಸಿ ಆಂಟಿಆಕ್ಸಿಡೆಂಟ್ ಅಂತ ಮಾರ್ತಾರೆ. ಎರಡೂ ಅಂಕಿ ಸರಿ, ಎರಡೂ ಅರ್ಧ ಮಾತ್ರ ಹೇಳುತ್ತೆ.

ಸೋಮವಾರಪೇಟೆ_ಬೆಕ್ಕುಮನೆ:

ನಡುವೆ ಬಂದೆ, ಕ್ಷಮಿಸಿ. ಬೆಕ್ಕಿಗೂ ಇದೇ ಲೆಕ್ಕವಾ? ನಮ್ಮಲ್ಲಿ ಬೆಕ್ಕು ಮೀನು ಬಿಟ್ಟು ಬೇರೇನೂ ತಿನ್ನಲ್ಲ.

ವಿರಾಜಪೇಟೆ_ಪಶುವೈದ್ಯೆ:

ಇಲ್ಲ. ನಾಯಿಯ ಲೆಕ್ಕ ಬೆಕ್ಕಿಗೆ ಹಾಕಬೇಡಿ. ಬರೀ ಕೊಬ್ಬಿನ ಮೀನು ತಿಂದು ವಿಟಮಿನ್ ಇ ಸಿಗದ ಬೆಕ್ಕಿಗೆ ಚರ್ಮದಡಿಯ ಕೊಬ್ಬೇ ಉರಿಯೂತ ಬಂದು ಹಳದಿ ಕಂದಾಗಿ ಗಟ್ಟಿಯಾಗುತ್ತೆ. ಜ್ವರ, ಊಟ ಬಿಡೋದು, ಬೆನ್ನು ಹೊಟ್ಟೆ ಮುಟ್ಟಿದರೆ ಕಿರುಚೋದು ಲಕ್ಷಣ. ಆಕ್ಸಿಡೇಟಿವ್ ಸ್ಟ್ರೆಸ್ ಕಣ್ಣಿಗೆ ಕಾಣಬೇಕಾದರೆ ಇದೇ. ಕೋಳಿಗೆ ನಿಧಾನವಾಗಿ ಬದಲಿಸಿ, ಮೀನು ವಾರಕ್ಕೊಮ್ಮೆ ಸಾಕು. ಮುಟ್ಟಿದರೆ ಈಗಲೇ ನೋವು ಇದೆ ಅಂದರೆ ಕಾಯಬೇಡಿ, ಕರ್ಕೊಂಡು ಬನ್ನಿ.

ತೋಟದವರಿಗೆ ಉಳಿದದ್ದು: ಎಣ್ಣೆಯನ್ನ ಊಟ ಉಗುರುಬೆಚ್ಚಗಾದ ಮೇಲೆ, ತಿನ್ನೋ ಹೊತ್ತಿಗೆ ಹಾಕಿ. ಕಬ್ಬಿಣದ ಬಾಣಲೆಯಲ್ಲಿ ಕಲಸಿಡಬೇಡಿ, ಕಬ್ಬಿಣ ಎಣ್ಣೆಯನ್ನ ಬೇಗ ಕೆಡಿಸುತ್ತೆ. ಉಣ್ಣಿ ಜ್ವರದ ಮೇಲೆ ಕಬ್ಬಿಣದ ಟಾನಿಕ್ ನಡೀತಿದ್ದರೆ ಅದನ್ನ ಬೇರೆ ಹೊತ್ತಿಗೆ ಕೊಡಿ. ನೋವಿನ ಮಾತ್ರೆ ಈಗ ಕೊಡ್ತಿದ್ದರೆ ಮೀನೆಣ್ಣೆ ಶುರುವಾಯ್ತು ಅಂತ ನಿಲ್ಲಿಸಬೇಡಿ. ನಾಯಿಗೆ ಕೊಡೋ ನೋವಿನ ಮಾತ್ರೆ ಕಾರ್ಪ್ರೊಫೆನ್ ಪ್ರಮಾಣ ಇಳಿಸೋಕೆ ಸಾಧ್ಯ ಆಗಿದೆ ನಿಜ, ಆದರೆ ಅದು ವೈದ್ಯರು ನೋಡ್ತಾ 12 ವಾರದಲ್ಲಿ ಹಂತಹಂತವಾಗಿ ಇಳಿಸಿದ್ದು. ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್ ಯಾವ ಕಾರಣಕ್ಕೂ ಬೇಡ. ವಾಂತಿ ಆಗಿ ಬೆನ್ನು ಗೂನು ಮಾಡಿ ನಿಂತರೆ ಎಣ್ಣೆ ಆ ಕ್ಷಣವೇ ನಿಲ್ಲಿಸಿ, ಅವತ್ತೇ ತೋರಿಸಿ. ಪ್ಲೇಟ್‌ಲೆಟ್ ವರದಿ ಬಂದ ಮೇಲೆ ಅಂಕಿ ಇಲ್ಲಿ ಹಾಕಿ.